ಬಿಸಿನೀರಿನ ಅಪಸ್ಮಾರ

ಬಿಸಿನೀರಿನ ಅಪಸ್ಮಾರವು ತಲೆಯ ಮೇಲೆ ಬಿಸಿನೀರನ್ನು ಸುರಿದುಕೊಂಡಾಗ ಸೆಳವು ಉಂಟಾಗುವ ಒಂದು ನರರೋಗ. ನಿರ್ದಿಷ್ಟ ಪ್ರಚೋದನೆಯಿಂದ ಸೆಳವು ಬರುವ ಅಪಸ್ಮಾರಗಳ ಗುಂಪಿಗೆ ಇದು ಸೇರುತ್ತದೆ. ಜಗತ್ತಿನ ಹೆಚ್ಚಿನ ಭಾಗಗಳಲ್ಲಿ ವಿರಳವಾದ ಈ ರೋಗವು ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ, ಹೆಚ್ಚಾಗಿ ಕಂಡುಬರುತ್ತದೆ. ಟರ್ಕಿಯಿಂದಲೂ ಹಲವು ಪ್ರಕರಣಗಳು ವರದಿಯಾಗಿವೆ.

ಅಧ್ಯಯನದ ಇತಿಹಾಸ

ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದಿತು. ಭಾರತದಲ್ಲಿ ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದಲ್ಲಿ ಇದನ್ನು ಗುರುತಿಸಿದರು. ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತಿತರರು 1988ರಲ್ಲಿ 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಯಳಂದೂರಿನಲ್ಲಿ ನಡೆದ ಸಮುದಾಯ ಸಮೀಕ್ಷೆಯಲ್ಲಿ ಅಪಸ್ಮಾರವಿದ್ದವರ ಪೈಕಿ ಶೇಕಡ 7ರಷ್ಟು ಮಂದಿಗೆ ಈ ಬಗೆಯ ಸೆಳವು ಇತ್ತು.

ಕಾರಣ ಮತ್ತು ಲಕ್ಷಣಗಳು

ಹಂಡೆಯಲ್ಲಿ ಕಾಯಿಸಿದ ನೀರನ್ನು ತಂಬಿಗೆಯಿಂದ ತಲೆಗೆ ಒಂದರ ಹಿಂದೊಂದು ವೇಗವಾಗಿ ಸುರಿದುಕೊಳ್ಳುವುದು ಈ ಭಾಗದ ಸ್ನಾನದ ರೂಢಿ. ನೀರಿನ ಉಷ್ಣತೆ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಆದರೆ ಹೀಗೆ ಸ್ನಾನ ಮಾಡುವ ಎಲ್ಲರಿಗೂ ರೋಗ ಬರುವುದಿಲ್ಲ. ಕೆಲವು ಕುಟುಂಬಗಳಲ್ಲಿ ಹಲವರಿಗೆ ಕಾಣಿಸಿಕೊಳ್ಳುವುದರಿಂದ ಆನುವಂಶಿಕ ಅಂಶವೂ ಇದೆಯೆಂದು ತಿಳಿಯಲಾಗಿದೆ. ಮಕ್ಕಳಲ್ಲಿ ಹೆಚ್ಚು, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇನ್ನೂ ಹೆಚ್ಚು.

ರೋಗಿಯು ಸ್ನಾನದ ನಡುವೆ ದಿಗ್ಭ್ರಮೆಗೊಂಡಂತೆ ಶೂನ್ಯದೃಷ್ಟಿಯಿಂದ ನೋಡುತ್ತಾನೆ, ಅರ್ಥವಿಲ್ಲದ ಮಾತನ್ನಾಡಬಹುದು, ಪ್ರಜ್ಞೆ ಮಸುಕಾಗುತ್ತದೆ. ಕೆಲವರಲ್ಲಿ ಮೈಯೆಲ್ಲ ಸೆಟೆದು ಕೈಕಾಲು ಅದುರುತ್ತವೆ. ಇನ್ನು ಕೆಲವರು ಆ ಕ್ಷಣದಲ್ಲಿ ವಿಚಿತ್ರ ಸುಖವನ್ನು ಅನುಭವಿಸಿ, ಮನೆಯವರು ತಡೆದರೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇದನ್ನು ಹಟವೆಂದೋ ಗಾಳಿಸೋಕೆಂದೋ ಭಾವಿಸಿ ವೈದ್ಯರಲ್ಲಿಗೆ ಹೋಗುವುದು ತಡವಾಗುವುದುಂಟು. ಸೆಳವುಗಳ ನಡುವಿನ ಅವಧಿಯಲ್ಲಿ ತೆಗೆದ ಮಿದುಳಿನ ವಿದ್ಯುತ್‌ಲೇಖ ಬಹುಪಾಲು ರೋಗಿಗಳಲ್ಲಿ ಸಹಜವಾಗಿರುತ್ತದೆ. ಆದ್ದರಿಂದ ರೋಗನಿರ್ಣಯಕ್ಕೆ ಮನೆಯವರು ಕೊಡುವ ವಿವರಣೆಯೇ ಮುಖ್ಯ ಆಧಾರ.

ಚಿಕಿತ್ಸೆ

ಉಗುರುಬೆಚ್ಚಗಿನ ನೀರನ್ನು ಬಳಸುವುದು ಹಾಗೂ ತಲೆಗೆ ಒಮ್ಮೆಲೆ ನೀರು ಸುರಿಯದಿರುವುದು ಮೊದಲ ಉಪಾಯ. ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ, ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಕೊಡಲಾಗುತ್ತದೆ. ಕೆಲವು ರೋಗಿಗಳಲ್ಲಿ ವರ್ಷಗಳ ನಂತರ ಬಿಸಿನೀರಿನ ಪ್ರಚೋದನೆಯಿಲ್ಲದೆಯೂ ಸೆಳವು ಬರತೊಡಗುತ್ತದೆ. ಅಂಥವರಿಗೆ ಕಾರ್ಬಮಜೆಪೈನ್‌ನಂತಹ ಔಷಧವನ್ನು ಪ್ರತಿದಿನ ಸೇವಿಸಬೇಕಾಗುತ್ತದೆ.

ಸ್ನಾನದ ಮನೆಯಲ್ಲಿ ಬೀಳುವುದರಿಂದ ಪೆಟ್ಟು ಮತ್ತು ಸುಟ್ಟಗಾಯಗಳ ಅಪಾಯವಿದೆ. ಹಾಗಾಗಿ ರೋಗಿಯು ಒಳಗಿನಿಂದ ಚಿಲಕ ಹಾಕಬಾರದು. ಸೆಳವು ಬಂದಾಗ ಬಿಸಿನೀರಿನಿಂದ ದೂರ ಸರಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ತುರುಕಬಾರದು. ಸೆಳವು ಐದು ನಿಮಿಷ ಮೀರಿದರೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.