ಮೆಟ್ನರ್, ನಿಕೊಲಾಯ್ ಕಾರ್ಲೊವಿಚ್

1880-1951. ರಷ್ಯದ ಸಂಗೀತ ರಚನಕಾರ, ಪಿಯಾನೊ ವಾದಕ. ರಾಖ್ಮನಿನಾಫ್, ಸ್ಕ್ರ್ಯಾಬಿನ್ ಈತನ ಸಮಕಾಲೀನರು. 14 ಪಿಯಾನೊ ಸೊನಾಟಾ, ಮೂರು ಕಾನ್ಸರ್ಟೊ, ‘ಸ್ಕಾಜ್ಕಿ’ ಎಂಬ ಹೆಸರಿನ ಮೂವತ್ತಕ್ಕೂ ಹೆಚ್ಚು ಕಿರುರಚನೆ, ನೂರಕ್ಕೂ ಮಿಕ್ಕ ಹಾಡುಗಳು ಮುಖ್ಯ ಕೃತಿಗಳು. ಸಿಂಫನಿ, ಆಪೆರಾಗಳ ಗೊಡವೆಗೆ ಹೋಗಲಿಲ್ಲ; ಬರೆದುದರಲ್ಲೆಲ್ಲ ಪಿಯಾನೊ ಇದ್ದೇ ಇದೆ. ಮೈಸೂರಿನ ಅರಸರ ನೆರವಿನಿಂದ ಈತನ ವಾದನ ಧ್ವನಿಮುದ್ರಣಗೊಂಡ ಕಾರಣ ಕನ್ನಡ ನಾಡಿಗೂ ಈತನಿಗೂ ನಂಟು ಬೆಳೆಯಿತು.

ಬದುಕು: ಹುಟ್ಟಿದ್ದು ಮಾಸ್ಕೋದಲ್ಲಿ. ಮೊದಲ ಪಾಠ ತಾಯಿಯಿಂದ. 1892ರಲ್ಲಿ ಮಾಸ್ಕೋ ಕನ್ಸರ್ವೇಟರಿ ಸೇರಿ, ಸಫೊನೊಫ್‌ನ ಶಿಷ್ಯನಾಗಿ 1900ರಲ್ಲಿ ಪದವಿ ಪಡೆದ. ಕಛೇರಿ ವಾದಕನಾಗಿ ಹೆಸರು ಮಾಡುವ ದಾರಿ ತೆರೆದಿದ್ದರೂ ಅದನ್ನು ಬಿಟ್ಟು ರಚನೆಗೆ ಕೂತ. ಮುಂದೆ ಅದೇ ಕನ್ಸರ್ವೇಟರಿಯಲ್ಲಿ ಪಾಠವನ್ನೂ ಹೇಳಿದ. ಕ್ರಾಂತಿಯ ನಂತರ, 1921ರಲ್ಲಿ, ಹೆಂಡತಿ ಆನಾಳೊಡನೆ ದೇಶ ಬಿಟ್ಟ. ಬರ್ಲಿನ್, ಪ್ಯಾರಿಸ್‌ಗಳಲ್ಲಿ ಬಾಳು ಹಸನಾಗಲಿಲ್ಲ. ಅಮೆರಿಕದ ಪ್ರವಾಸ ಒದಗಿಸಿಕೊಟ್ಟವನು ರಾಖ್ಮನಿನಾಫ್. ತನ್ನ ನಾಲ್ಕನೆಯ ಕಾನ್ಸರ್ಟೊವನ್ನು ಆತ ಅರ್ಪಿಸಿದ್ದೂ ಮೆಟ್ನರ್‌ಗೆ. ಮೆಟ್ನರ್ ತನ್ನ ಎರಡನೆಯದನ್ನು ಆತನಿಗೆ ಅರ್ಪಿಸಿ ಋಣ ತೀರಿಸಿದ. ಹೊಸ ಸಂಗೀತದ ಮೇಲಿನ ಈತನ ಸಿಟ್ಟೆಲ್ಲ ‘ಮ್ಯೂಸ್ ಮತ್ತು ಫ್ಯಾಷನ್’ (1935) ಎಂಬ ಪುಸ್ತಕದಲ್ಲಿದೆ. 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದ. ಯುದ್ಧ ಬಂದಾಗ ಶಿಷ್ಯೆ ಎಡ್ನಾ ಐಲ್ಸ್ ವಾರಿಕ್‌ಶೈರಿನಲ್ಲಿ ಆಶ್ರಯ ಕೊಟ್ಟಳು. 1942ರಲ್ಲಿ ಹೃದಯಾಘಾತವಾಯಿತು.

ಮೈಸೂರಿನ ನಂಟು: ಜಯಚಾಮರಾಜ ಒಡೆಯರ್ (1919-74) ಚಿಕ್ಕಂದಿನಿಂದ ಪಿಯಾನೊ ಕಲಿತವರು. ಅರಮನೆಗೆ ಇದು ಹೊಸದಲ್ಲ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಆಟೊ ಸ್ಮಿಟ್ ಎಂಬ ಜರ್ಮನ್ ಸಂಗೀತಗಾರ ಅರಮನೆಯ ಪಾಶ್ಚಾತ್ಯ ವಾದ್ಯಮೇಳವನ್ನು ನಡೆಸುತ್ತಿದ್ದ. ಜಯಚಾಮರಾಜರಿಗೆ ಕಛೇರಿ ವಾದಕರಾಗುವ ಆಸೆಯಿತ್ತು. 1940ರಲ್ಲಿ ತಂದೆ, ಅದೇ ವರ್ಷ ದೊಡ್ಡಪ್ಪ ತೀರಿಕೊಂಡರು. ಇಪ್ಪತ್ತೊಂದರ ತರುಣ ಪಟ್ಟಕ್ಕೆ ಬಂದಮೇಲೆ ಆ ಆಸೆ ಅಲ್ಲಿಗೇ ನಿಂತಿತು. ಲಂಡನ್ನಿನ ಟ್ರಿನಿಟಿ ಕಾಲೇಜು 1945ರಲ್ಲಿ ಇವರಿಗೆ ಗೌರವ ಫೆಲೊ ಪದವಿ ಕೊಟ್ಟಿತು.

ಯುದ್ಧ ಮುಗಿದಮೇಲೆ ಇವರು ಮೆಟ್ನರ್ ಸೊಸೈಟಿಯನ್ನು ಕಟ್ಟಿ, ಈತನ ಎಲ್ಲ ಕೃತಿಗಳನ್ನೂ ಈತನ ಕೈಯಲ್ಲೇ ನುಡಿಸಿ ಎಚ್.ಎಂ.ವಿ. ಕಂಪನಿಯ ಮೂಲಕ ಮುದ್ರಿಸುವ ಸಂಕಲ್ಪ ಮಾಡಿದರು. ಹೊಸದಾಗಿ ಹುಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನ ನೆರವು ಒಪ್ಪಿದರು. ಉತ್ತರದಂಚಿನಲ್ಲಿ ಚಳ್ಳಕೆರೆ, ಮೊಳಕಾಲ್ಮುರುಗಳಂಥ ಮಳೆ ಕಾಣದ ತಾಲ್ಲೂಕುಗಳಿದ್ದ ಸಂಸ್ಥಾನವೊಂದರ ದೊರೆ, ಇಂಗ್ಲೆಂಡಿನವರೇ ಕೈಬಿಟ್ಟಿದ್ದ ಮುದುಕನೊಬ್ಬನಿಗೆ ಇಷ್ಟು ಖರ್ಚು ಮಾಡಿದ್ದು ಸರಿಯೇ ಎಂದು ಕೇಳುವವರಿದ್ದರೆ ಅದು ಅಸಂಗತ ಪ್ರಶ್ನೆಯೇನಲ್ಲ. ಆದರೆ ಇವರು ಆರಿಸಿದ್ದು ಪೇಟೆಯಲ್ಲಿ ಓಡುವ ಹೆಸರನ್ನಲ್ಲ. ದರ್ಬಾರಿನ ಡೌಲಿಗೆ ಮೆಟ್ನರ್‌ನಿಂದ ಏನೂ ಸಿಗುತ್ತಿರಲಿಲ್ಲ.

1947ರಲ್ಲಿ ಮೂರೂ ಕಾನ್ಸರ್ಟೊಗಳ ಮುದ್ರಣ ನಡೆಯಿತು. ವೃಂದವನ್ನು ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ನಡೆಸಿದರು. ಆಗಿನ ಮುದ್ರಣದ ಪಾಡನ್ನು ನೆನೆಯಬೇಕು. ಹನ್ನೆರಡು ಅಂಗುಲದ, ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೂವರೆ ನಿಮಿಷದಷ್ಟು. ಮೇಣದ ಮೇಲೆ ಒಮ್ಮೆ ಗೀರು ಬಿತ್ತೆಂದರೆ ತಿದ್ದುವಂತಿಲ್ಲ. ನಾಲ್ಕನೆಯ ನಿಮಿಷದಲ್ಲಿ ಒಂದು ಬೆರಳು ಜಾರಿದರೂ ಆ ಮಗ್ಗುಲನ್ನು ಮೊದಲಿನಿಂದ ನುಡಿಸಬೇಕು. ಮೂರನೆಯ ಕಾನ್ಸರ್ಟೊದ ಅವಧಿ 35 ನಿಮಿಷದ ಆಸುಪಾಸು. ಅದರ ಮೂರು ಭಾಗಗಳೂ ನಡುವೆ ನಿಲ್ಲದೆ ಸಾಗಬೇಕೆಂಬುದು ರಚನೆಯ ಆಶಯ. ಅದನ್ನೇ ತುಂಡು ತುಂಡು ಮಾಡಿ, ಎಲ್ಲಿ ಕತ್ತರಿಸಿದರೆ ಕಿವಿಗೆ ನೋವು ಕಡಿಮೆ ಎಂದು ಲೆಕ್ಕ ಹಾಕಿ ನುಡಿಸಬೇಕಾಯಿತು. ಅದೂ ಅರವತ್ತೇಳರ ವಯಸ್ಸಿನಲ್ಲಿ, ಪೆಟ್ಟು ತಿಂದ ಹೃದಯದೊಂದಿಗೆ. ಹೀಗಿದ್ದೂ ಆ ವಾದನದಲ್ಲಿ ಓಟ ಕುಗ್ಗಿಲ್ಲ.

ಈ ಮೂರನೆಯ ಕಾನ್ಸರ್ಟೊ (‘ಬ್ಯಾಲಡ್’, ಕೃತಿ ಸಂಖ್ಯೆ 60) ಮೈಸೂರು ಮಹಾರಾಜರಿಗೆ ಅರ್ಪಿತ. ಮಹಾರಾಜರು ಹೇಳಿ ಬರೆಸಿದ್ದು ಎಂದು ತಿಳಿಯುವುದು ತಪ್ಪು. ರಚನೆ ನಡೆದದ್ದು 1940-43ರಲ್ಲಿ. ಏಡ್ರಿಯನ್ ಬೋಲ್ಟ್ ನೇತೃತ್ವದ ವೃಂದದೊಡನೆ ಮೆಟ್ನರ್ ಅದನ್ನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ನುಡಿಸಿದ್ದು 1944ರ ಫೆಬ್ರವರಿಯಲ್ಲಿ. ಮೈಸೂರಿನ ನೆರವು ಬಂದದ್ದು ಆಮೇಲೆ. ಅರ್ಪಣೆ ಕೃತಜ್ಞತೆಯದು. ಕೃತಿಯ ಹಿಂದಿರುವುದು ಜಲಕನ್ಯೆಯನ್ನು ಕುರಿತ ಲೆರ್ಮಂತೊಫ್‌ನ ಕವಿತೆ.

ಸೊನಾಟಾ, ಹಾಡುಗಳೂ ಮುದ್ರಣಗೊಂಡವು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಾಗ ಪಕ್ಕವಾದ್ಯ ಈತನದೇ. ಅದೇ ವರ್ಷ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಕಛೇರಿ ನಡೆದದ್ದೂ ಮಹಾರಾಜರ ಬೆಂಬಲದಿಂದಲೇ. ಅಷ್ಟರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿಹೋಗಿತ್ತು. ಸಮಗ್ರ ಮುದ್ರಣದ ಸಂಕಲ್ಪ ಪೂರ್ತಿಯಾಗಲಿಲ್ಲ. ಒಡೆಯರ ರಚನಾಶಕ್ತಿ ಕರ್ನಾಟಕ ಸಂಗೀತದ ಕಡೆ ಹರಿಯಿತು. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳಿವೆ.

ಶೈಲಿ: ಸೊನಾಟಾ ರೂಪದ ಮೇಲಿನ ಹಿಡಿತ ಅಸಾಧಾರಣ. ಎಡಗೈ ತಿಶ್ರದಲ್ಲಿ, ಬಲಗೈ ಚತುರಶ್ರದಲ್ಲಿ ನಡೆದಂತೆ ಲಯಗಳು ಹೆಣೆದುಕೊಳ್ಳುವುದು ಈತನ ಗುರುತು. ರಾಗಭಾವದಲ್ಲಿ ರಾಖ್ಮನಿನಾಫ್‌ನಷ್ಟು ಸುಲಭವಾಗಿ ದಕ್ಕುವುದಿಲ್ಲ. ಎರಡನೆಯ ಸಲ ಕೇಳಿದಾಗಲೇ ರುಚಿ ಹತ್ತುತ್ತದೆ. ‘ಮರೆತ ರಾಗಗಳು’ (ಕೃತಿ ಸಂಖ್ಯೆ 38) ಸಂಪುಟದ ಮೊದಲಿಗಿರುವ ಸೊನಾಟಾ ಹೊಸಬರಿಗೆ ತಕ್ಕ ಪ್ರವೇಶ.

1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡ. ಆನಾ 1958ರಲ್ಲಿ ಹಸ್ತಪ್ರತಿಗಳನ್ನು ಹೊತ್ತು ಮಾಸ್ಕೋಗೆ ಮರಳಿದಳು. ಸಮಗ್ರ ಕೃತಿಗಳು ಅಲ್ಲಿ 1959-63ರ ನಡುವೆ 12 ಸಂಪುಟಗಳಲ್ಲಿ ಅಚ್ಚಾದವು.