ಸಮಾಧಿಯ ಆಲ

ಅಕಾಲದಲ್ಲಿ ನೇಣಿಗೇರಿದವನು ದೆವ್ವವಾಗಿ ಅಲೆಯುವನೆಂಬುದು ನಮ್ಮವರ ನಂಬಿಕೆ. ಆ ಲೆಕ್ಕಕ್ಕೆ ಖಾನಾಪುರ ತಾಲೂಕಿನ ನಂದಗಡದಲ್ಲಿ ದೆವ್ವವಿರಲೇಬೇಕಷ್ಟೆ! ಅದನ್ನು ಕಾಣಲು ಲೋಂಡಾದಿಂದ ರಾತ್ರಿ ಹೊರಟ ತಂಡದೊಡನೆ ನಾನೂ ಸೇರಿಕೊಂಡೆ. ದಾರಿ ತೋರುತ್ತಿದ್ದ ಹಿರಿಯರು ಕಥೆ ಹೇಳುತ್ತ ಮುಂದೆ ನಡೆದರು.

1824ರಲ್ಲಿ ಕಿತ್ತೂರ ಕೋಟೆಯೆದುರು ಕಲೆಕ್ಟರ ಥ್ಯಾಕರೆ ಬಿದ್ದ. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡರು. ಆ ಮೇಲೂ ಹೋರಾಟ ಬಿಡದವನು ಸಂಗೊಳ್ಳಿ ರಾಯಣ್ಣ. 1831ರ ಜನವರಿ 26ರಂದು ಕಂಪನಿ ಸರಕಾರ ಅವನನ್ನು ನಂದಗಡದ ಬಳಿ ಗಲ್ಲಿಗೇರಿಸಿತು.

ಬ್ಯಾಟರಿಯ ಬೆಳಕು ಅವನ ಸಮಾಧಿಯ ಆಲದ ಮೇಲೆ ಬಿದ್ದಿತು. ಕೊಂಬೆಯಲ್ಲಿ ಏನೋ ತೂಗಾಡುತ್ತಿದೆ! ಎಲ್ಲರೂ ಗಕ್ಕನೆ ನಿಂತೆವು. ನೋಡಿದರೆ ತೊಟ್ಟಿಲುಗಳು, ಮಕ್ಕಳಿಲ್ಲದವರು ಹರಕೆ ಹೊತ್ತು ಕಟ್ಟಿದವು.

ಜನರನ್ನು ಹೆದರಿಸಲು ಕಂಪನಿ ನೇಣು ಬಿಗಿದ ಊರಿನಲ್ಲಿ ಜನ ತೊಟ್ಟಿಲು ಕಟ್ಟಿದ್ದಾರೆ. ಇಂಥವನು ದೆವ್ವವಾಗುವುದೆಂತು?