ಗ್ರೀಕರ ದ್ರವಾಗ್ನಿ: ರಹಸ್ಯವು ದ್ರವ್ಯದಲ್ಲಿಯೋ ಯಂತ್ರದಲ್ಲಿಯೋ?

ಕಾನ್‌ಸ್ಟಾಂಟಿನೋಪಲ್ ನಗರವನ್ನು ಅರಬರ ನೌಕಾಸೈನ್ಯದಿಂದ ಕಾಪಾಡಿದ ಸಾಧನಗಳಲ್ಲಿ ‘ಗ್ರೀಕರ ಅಗ್ನಿ’ಯು ಸುಪ್ರಸಿದ್ಧವಾದುದು. ಇದರ ಮಹಿಮೆಯೆಲ್ಲವೂ ಒಂದು ಗುಪ್ತವಾದ ದ್ರವ್ಯಮಿಶ್ರಣದಲ್ಲಿ ಅಡಗಿತ್ತೆಂದು ಬಹುಕಾಲ ನಂಬಲಾಗಿತ್ತು. ಈ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ಅಗ್ನಿಯನ್ನು ಆಯುಧವಾಗಿ ಬಳಸುವುದು ಪುರಾತನ ಪದ್ಧತಿಯೇ. ಕ್ರಿ. ಪೂ. 424ರಲ್ಲಿ ಡೀಲಿಯಮ್ಮಿನ ಮುತ್ತಿಗೆಯಲ್ಲಿ ಬಿಯೋಷಿಯನರು ದೊಡ್ಡ ತೊಲೆಯೊಂದನ್ನು ಸೀಳಿ, ಕೊರೆದು, ಕೊಳವೆಯಂತೆ ಮತ್ತೆ ಜೋಡಿಸಿ, ಅದರ ತುದಿಗೆ ಕೆಂಡ, ಗಂಧಕ, ರಾಳಗಳಿದ್ದ ಕೊಪ್ಪರಿಗೆಯನ್ನು ತೂಗುಹಾಕಿ, ತಿದಿಯೂದಿ ಕೋಟೆಯನ್ನು ಸುಟ್ಟರೆಂದು ಥೂಸಿಡಿಡೀಸನು ಬರೆದಿರುವನು. ನಮ್ಮ ಕೌಟಿಲ್ಯನೂ ಅಗ್ನಿಯೋಗಗಳನ್ನು ವಿವರಿಸಿರುವನು. ಆದರೆ ದೇವದಾರು, ಗುಗ್ಗುಳ, ಅರಗು ಮೊದಲಾದುವುಗಳಿಂದಾದ ಅವು ಎಸೆಯತಕ್ಕ ಉಂಡೆಗಳೇ ಹೊರತು ಚಿಮ್ಮತಕ್ಕ ದ್ರವಗಳಲ್ಲ.

ಕ್ರಿ. ಶ. 7ನೆಯ ಶತಮಾನದಲ್ಲಿ ಸಿರಿಯದಿಂದ ಓಡಿಬಂದ ಕಲ್ಲಿನಿಕಸನೆಂಬ ಶಿಲ್ಪಿಯು ಈ ಅಗ್ನಿಯನ್ನು ನಿರ್ಮಿಸಿದನೆಂದು ಥಿಯೋಫನೀಸನ ಇತಿಹಾಸವು ಹೇಳುವುದು. ಇದರಲ್ಲಿ ಪೆಟ್ಲುಪ್ಪು ಇದ್ದಿತೆಂಬ ಹಳೆಯ ಊಹೆಯು ನಿಲ್ಲಲಾರದು. ಆ ಪ್ರಾಂತಗಳಲ್ಲಿ ಅದರ ಬಳಕೆಯು 13ನೆಯ ಶತಮಾನಕ್ಕೆ ಹಿಂದೆ ಕಂಡುಬರುವುದಿಲ್ಲ. ಕಪ್ಪು ಸಮುದ್ರದ ತೀರದಲ್ಲಿ ದೊರೆಯುತ್ತಿದ್ದ ನೆಲದೆಣ್ಣೆಯೇ ಇದರ ಮೂಲದ್ರವ್ಯವೆಂದು ಈಗಿನ ವಿದ್ವಾಂಸರ ಬಹುಮತ. ಎಣ್ಣೆಯನ್ನು ಕಾಯಿಸಿ, ರೇಚಕಯಂತ್ರದಿಂದ ಒತ್ತಿ, ಹಡಗಿನ ಮುಂಭಾಗದ ಕಂಚಿನ ನಳಿಕೆಯ ಮೂಲಕ ಹೊರಡಿಸಿ, ಬಾಯಲ್ಲಿ ಉರಿ ಹೊತ್ತಿಸುತ್ತಿದ್ದರೆಂದು ತೋರುವುದು. ಈ ಕ್ರಮದಲ್ಲಿ ಜಾನ್ ಹಾಲ್ಡನ್ ಮುಂತಾದವರು ನಡೆಸಿದ ಪರೀಕ್ಷೆಯಲ್ಲಿ ಜ್ವಾಲೆಯು ಸುಮಾರು 15 ಮೀಟರುಗಳವರೆಗೆ ಚಾಚಿತು. ಇಷ್ಟು ಸಮೀಪದ ಆಯುಧಕ್ಕೆ ಅನುಕೂಲವಾದ ಗಾಳಿಯೂ ಶಾಂತವಾದ ಕಡಲೂ ಅವಶ್ಯ. 941ರಲ್ಲಿ ಇಂಥ ನಳಿಕೆಗಳನ್ನು ಹೂಡಿದ 15 ಜೀರ್ಣ ನೌಕೆಗಳೇ ರಷ್ಯರ ಈಗೋರನ ನೌಕಾಬಲವನ್ನು ದಹಿಸಿದಾಗ ಕಡಲು ಶಾಂತವಾಗಿದ್ದಿತು.

ಪ್ರಕೃತ ಪ್ರಶ್ನೆಗೆ ಮುಖ್ಯವಾದ ಪ್ರಮಾಣವು 812ರದು. ಆ ವರ್ಷ ಬಲ್ಗೇರಿಯದ ಕ್ರುಮನು ಮೆಸೆಂಬ್ರಿಯವನ್ನು ಹಿಡಿದಾಗ 36 ನಳಿಕೆಗಳೂ ಸಾಕಷ್ಟು ದ್ರವವೂ ಅವನ ಕೈಸೇರಿದುವು. ಆದರೂ ಬಲ್ಗರರು ಅವನ್ನು ಪ್ರಯೋಗಿಸಿದ ವೃತ್ತಾಂತವೆಲ್ಲಿಯೂ ಇಲ್ಲ. ದ್ರವ್ಯವೇ ರಹಸ್ಯವಾಗಿದ್ದ ಪಕ್ಷದಲ್ಲಿ ಅದು ಅಂದೇ ಬಯಲಾಗಬೇಕಾಗಿತ್ತು. ಆದುದರಿಂದ ಕಾಯಿಸುವ ಹದ, ಒತ್ತಡದ ಅಳತೆ, ನುರಿತ ಕೈ ಇವೇ ನಿಜವಾದ ರಹಸ್ಯವೆಂದು ಊಹಿಸಬಹುದು.

10ನೆಯ ಶತಮಾನದ ಏಳನೆಯ ಕಾನ್‌ಸ್ಟಂಟೈನನು, ಈ ಅಗ್ನಿಯನ್ನು ದೇವದೂತನು ಅನುಗ್ರಹಿಸಿದನೆಂದು ಹೇಳಿ ಪರರಾಜರಿಗೆ ನಿರಾಕರಿಸಬೇಕೆಂದು ಮಗನಿಗೆ ಉಪದೇಶಿಸಿದನು. ಗ್ರಂಥಸ್ಥವಾದ ವಿದ್ಯೆಯು ಕದಿಯಲ್ಪಡಬಹುದು, ಆದರೆ ಉಳಿಯುವುದು; ಕೆಲವರ ಕೈಯಲ್ಲಿ ಮಾತ್ರ ನೆಲೆಸಿದ ವಿದ್ಯೆಯು ಅವರೊಡನೆಯೇ ಅಳಿಯುವುದು. 1204ರಲ್ಲಿ ಕ್ರೂಸೇಡಿನವರು ನಗರವನ್ನು ಸೂರೆಗೊಂಡಾಗ ಈ ನಳಿಕೆಗಳು ಉರಿಯುಗುಳಿದ ಸುದ್ದಿಯಿಲ್ಲ. ಶತ್ರುವಿಗೆ ಸಿಕ್ಕಬಾರದೆಂದು ಬಚ್ಚಿಟ್ಟ ವಿದ್ಯೆಯು ಕಡೆಗೆ ಬಚ್ಚಿಟ್ಟವರಿಗೂ ದಕ್ಕಲಿಲ್ಲ.